ಮೂವತ್ತು ಲಕ್ಷ ಡಾಲರ್ ತನ್ನಿ, ತಂಡ ಉಳಿಸಿಕೊಳ್ಳಿ: ಆಂಕರೇಜ್ ಕಾಲೇಜು ಹಾಕಿಯ ಪ್ರಕರಣ

ಅಮೆರಿಕದ ಕಾಲೇಜುಗಳು ಆಟದ ತಂಡ ಮುಚ್ಚುವುದು ಹೊಸ ಸುದ್ದಿಯೇನಲ್ಲ. 2020ರ ಕೊರೊನಾ ವರ್ಷದಲ್ಲಂತೂ ಟೆನಿಸ್, ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್ ಅಂತ ಹತ್ತಾರು ತಂಡಗಳಿಗೆ ಬೀಗ ಬಿತ್ತು. ಎರಡು ದಿನ ಎಲ್ಲರೂ ಬೇಜಾರು ಮಾಡಿಕೊಂಡರು, ಆಮೇಲೆ ಮರೆತರು. ಅಲಾಸ್ಕಾ ರಾಜ್ಯದ ಆಂಕರೇಜ್ ಊರಿನಲ್ಲಿರುವ ಅಲಾಸ್ಕಾ ಆಂಕರೇಜ್ ವಿಶ್ವವಿದ್ಯಾಲಯದ ಪುರುಷರ ಐಸ್ ಹಾಕಿ ತಂಡದ ವಿಷಯ ಮಾತ್ರ ಹಾಗೆ ಮುಗಿಯಲಿಲ್ಲ. ತಂಡ ಮುಚ್ಚುತ್ತೇವೆ ಅಂದರು. ಬೇಕೇ ಬೇಕು ಅಂದರೆ ಎರಡು ವರ್ಷದ ಖರ್ಚು ನೀವೇ ತನ್ನಿ ಅಂದರು. ಜನ ನಿಜವಾಗಿಯೂ ತಂದುಬಿಟ್ಟರು.

ನಾನು ಈ ತಂಡದ ಅಭಿಮಾನಿ. ಬೆಂಗಳೂರಿನಲ್ಲಿ ಕೂತು ಆಂಕರೇಜ್ ತಂಡಕ್ಕೆ ಜೈ ಅನ್ನುವವನು ಯಾರಪ್ಪಾ ಅಂತ ನಗಬೇಡಿ. ಚಳಿಗಾಲದಲ್ಲಿ ಅಲ್ಲಿ ಶುಕ್ರವಾರ ಸಂಜೆ ಏಳಕ್ಕೆ ಆಟ ಶುರುವಾದರೆ ನಮಗೆ ಶನಿವಾರ ಬೆಳಗ್ಗೆ ಒಂಬತ್ತೂವರೆ. ರಜೆ ದಿನ, ಕೈಯಲ್ಲಿ ಕಾಫಿ, ನಿದ್ದೆಗೆಡದೆ ಪೂರ್ತಿ ಆಟ ನೋಡಬಹುದು. ಹೀಗೆ ಸುಮ್ನೆ ಶುರುವಾದದ್ದು ಅಂಟಿಕೊಂಡಿತು. ಹಾಗಾಗಿ ಇದು ಪಕ್ಷಪಾತದ ಬರಹ ಅಂತಲೇ ಓದಿ. ಲೆಕ್ಕದಲ್ಲಿ ಮಾತ್ರ ಮೋಸ ಮಾಡುವುದಿಲ್ಲ.

ತಂಡ ಯಾವುದು

ತಂಡದ ಹೆಸರು ಸೀವುಲ್ವ್ಸ್. ಬಣ್ಣ ಹಸಿರು ಮತ್ತು ಬಂಗಾರ. 1979ರಲ್ಲಿ ಬ್ರಶ್ ಕ್ರಿಸ್ಟಿಯನ್‌ಸನ್ ಎಂಬ ಕೋಚ್ ಕಟ್ಟಿದ ತಂಡ ಇದು. 1990, 1991, 1992, ಹೀಗೆ ಸತತ ಮೂರು ವರ್ಷ ರಾಷ್ಟ್ರೀಯ ಟೂರ್ನಿಗೆ ಹೋಯಿತು. ಅದರಲ್ಲಿ 1991ರದ್ದು ದೊಡ್ಡ ಸುದ್ದಿ. ಬಾಸ್ಟನ್ ಕಾಲೇಜ್ ಅಂದರೆ ಅಮೆರಿಕದ ಕಾಲೇಜು ಹಾಕಿಯಲ್ಲಿ ದೊಡ್ಡ ಮನೆತನ. ಅವರ ಊರಿಗೇ ಹೋಗಿ, ಮೂರು ಪಂದ್ಯದ ಸರಣಿಯಲ್ಲಿ ಮೂರನೆಯದು ಬೇಕೇ ಆಗದ ಹಾಗೆ ಎರಡನ್ನೂ ಗೆದ್ದು ಬಂದರು. ಮುಂದಿನ ಸುತ್ತಿನಲ್ಲಿ ನಾರ್ದರ್ನ್ ಮಿಶಿಗನ್ ಕೈಯಲ್ಲಿ ಸೋತರು. ಆ ವರ್ಷ ಕಪ್ ಗೆದ್ದದ್ದೂ ಅದೇ ನಾರ್ದರ್ನ್ ಮಿಶಿಗನ್.

ಜೇ ಬೀಗಲ್ ಇಲ್ಲಿ ಆಡಿದವರು. 2018ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಜೊತೆ ಸ್ಟಾನ್ಲಿ ಕಪ್, ಅಂದರೆ ಅತಿ ದೊಡ್ಡ ವೃತ್ತಿಪರ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಕಪ್, ಎತ್ತಿದರು. ಕೆಳಗಿನ ಎರಡು ಲೀಗ್‌ಗಳ ಕಪ್‌ಗಳನ್ನೂ ಅವರು ಮೊದಲೇ ಗೆದ್ದಿದ್ದರು. ಮೂರೂ ಕಪ್ ಗೆದ್ದ ಮೊದಲ ಆಟಗಾರ ಅವರೇ. ದೊಡ್ಡ ತಂಡಗಳು ಸೇರಿಸಿಕೊಳ್ಳದೆ ಬಿಟ್ಟ ಹುಡುಗರು ಆಂಕರೇಜ್‌ಗೆ ಬಂದು ತಯಾರಾಗುತ್ತಾರೆ ಅಂತ ಹೇಳುವಾಗ ನಮ್ಮವರು ಮೊದಲು ಎತ್ತುವ ಹೆಸರು ಅದು.

ಪಕ್ಕದ ಊರಿನ ವೈರಿ ಇಲ್ಲದಿದ್ದರೆ ಕಾಲೇಜು ಆಟಕ್ಕೆ ರುಚಿಯೇ ಇಲ್ಲ, ಅಲ್ವಾ? ಇಲ್ಲಿ ಪಕ್ಕದ ಊರು ಅಂದರೆ ಸುಮಾರು 580 ಕಿಲೋಮೀಟರ್ ದೂರದ ಫೇರ್‌ಬ್ಯಾಂಕ್ಸ್. ಅದೂ ಅಲಾಸ್ಕಾ ವಿಶ್ವವಿದ್ಯಾಲಯದ್ದೇ ಇನ್ನೊಂದು ಕ್ಯಾಂಪಸ್. ಅವರ ತಂಡ ನಾನೂಕ್ಸ್. ಇಬ್ಬರ ನಡುವಿನ ಪೈಪೋಟಿಗೆ ಗವರ್ನರ್ಸ್ ಕಪ್ ಅಂತ ಹೆಸರು. ಗವರ್ನರ್ ಅನ್ನುವ ಪದ ಈ ಕತೆಯಲ್ಲಿ ಬೇರೆ ರೀತಿಯಲ್ಲೂ ಬರುತ್ತದೆ.

ಎಣ್ಣೆ ದುಡ್ಡು, ಡಿವಿಡೆಂಡ್, ಒಂದು ವೀಟೊ

ಅಲಾಸ್ಕಾದ ಖಜಾನೆ ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ರಾಜ್ಯ ಮಟ್ಟದ ಮಾರಾಟ ತೆರಿಗೆಯೂ ಇಲ್ಲ. ದಶಕಗಳ ಕಾಲ ಸರ್ಕಾರ ನಡೆದದ್ದು ಕಚ್ಚಾ ಎಣ್ಣೆಯ ದುಡ್ಡಿನಲ್ಲಿ. ಎಣ್ಣೆ ಹಣದ ಒಂದು ಭಾಗ ಪರ್ಮನೆಂಟ್ ಫಂಡ್ ಎಂಬ ನಿಧಿಗೆ ಹೋಗುತ್ತದೆ. ಆ ನಿಧಿಯ ಗಳಿಕೆಯಿಂದ ವರ್ಷಕ್ಕೊಮ್ಮೆ ಪ್ರತಿ ನಿವಾಸಿಗೂ, ಮಕ್ಕಳು ಮುದುಕರು ಅನ್ನದೆ, ಚೆಕ್ ಬರುತ್ತದೆ. ಇದೇ ಡಿವಿಡೆಂಡ್. 2015ರಲ್ಲಿ ಅದು ತಲೆಗೆ 2,072 ಡಾಲರ್ ಇತ್ತು.

2014ರಿಂದ ಎಣ್ಣೆ ಬೆಲೆ ಕುಸಿಯಿತು. ಖಜಾನೆ ಬರಿದಾಯಿತು. 2016ರಲ್ಲಿ ಆಗಿನ ಗವರ್ನರ್ ಬಿಲ್ ವಾಕರ್ ಡಿವಿಡೆಂಡ್‌ಗೆ ಕತ್ತರಿ ಹಾಕಿದರು. ಜನರಿಗೆ ಸಿಟ್ಟು ಬಂತು. 2018ರ ಗವರ್ನರ್ ಚುನಾವಣೆಯಲ್ಲಿ ಮೈಕ್ ಡನ್‌ಲೀವಿ ಪೂರ್ತಿ ಡಿವಿಡೆಂಡ್ ಕೊಡುತ್ತೇನೆ ಎಂಬ ಭರವಸೆ ಕೊಟ್ಟು ಗೆದ್ದರು. ಆ ದುಡ್ಡು ಎಲ್ಲಿಂದಾದರೂ ಬರಬೇಕಲ್ಲ? 2019ರ ಜೂನ್ ಕೊನೆಯಲ್ಲಿ ಅವರು ಬಜೆಟ್‌ನ ಅನೇಕ ಸಾಲುಗಳಿಗೆ ವೀಟೊ ಹಾಕಿದರು. ವಿಶ್ವವಿದ್ಯಾಲಯದ ಪಾಲಿನಲ್ಲಿ 13 ಕೋಟಿ ಡಾಲರ್ ಕಡಿದರು. ಶಾಸಕಾಂಗ ಮೊದಲೇ ಕಡಿಮೆ ಮಾಡಿದ್ದ 50 ಲಕ್ಷವೂ ಸೇರಿದರೆ ರಾಜ್ಯ ಕೊಡುತ್ತಿದ್ದ ಹಣದಲ್ಲಿ ನೂರಕ್ಕೆ 41 ಭಾಗ ಒಂದೇ ಏಟಿಗೆ ಹೋಯಿತು.

ವೀಟೊ ತಳ್ಳಿಹಾಕಲು 60 ಶಾಸಕರಲ್ಲಿ 45 ಮತ ಬೇಕಿತ್ತು. ಇಲ್ಲೊಂದು ನಾಟಕವೇ ನಡೆಯಿತು. ವಿಶೇಷ ಅಧಿವೇಶನ ತಮ್ಮ ಊರು ವಸಿಲಾದಲ್ಲಿ ನಡೆಯಲಿ ಅಂತ ಗವರ್ನರ್ ಕರೆದರು. ರಾಜಧಾನಿ ಜೂನೋ ಬಿಟ್ಟು ಬರಲ್ಲ ಅಂತ ಶಾಸಕಾಂಗದ ಮುಖಂಡರು ಪಟ್ಟು ಹಿಡಿದರು. ಇಪ್ಪತ್ತಕ್ಕೂ ಹೆಚ್ಚು ಶಾಸಕರು ವಸಿಲಾದ ಮಿಡ್ಲ್ ಸ್ಕೂಲ್ ಕಟ್ಟಡದಲ್ಲಿ ಕೂತರು, ಉಳಿದವರು ಜೂನೋದಲ್ಲಿ. ಜೂನೋದಲ್ಲಿ ಮತ ಹಾಕಿದಾಗ ವೀಟೊ ವಿರುದ್ಧ 37, ಪರ 1. ಪರವಾಗಿ ಒಂದೇ ಮತ, ಆದರೂ ವೀಟೊ ಉಳಿಯಿತು. ಯಾಕೆಂದರೆ 45 ಆಗಲಿಲ್ಲ.

ಜುಲೈನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಆರ್ಥಿಕ ತುರ್ತು ಸ್ಥಿತಿ ಘೋಷಿಸಿತು. ಆಗಸ್ಟ್‌ನಲ್ಲಿ ರಾಜಿಯಾಯಿತು. ಒಂದೇ ವರ್ಷದಲ್ಲಿ ಅಷ್ಟೂ ಕಡಿಯುವ ಬದಲು ಮೂರು ವರ್ಷದಲ್ಲಿ 7 ಕೋಟಿ ಡಾಲರ್ ಕಡಿತ. ಎಲ್ಲರೂ ಉಸಿರು ಬಿಟ್ಟರು. ಆದರೆ 7 ಕೋಟಿಯೂ ಚಿಲ್ಲರೆ ಮೊತ್ತವಲ್ಲ. ಕೋರ್ಸ್‌ಗಳು ಮುಚ್ಚಿದವು, ಸಿಬ್ಬಂದಿ ಕಡಿಮೆಯಾದರು. ಕ್ಲಾಸ್‌ರೂಮಿಗೇ ಕತ್ತರಿ ಬಿದ್ದ ಮೇಲೆ ಅದು ಕ್ರೀಡಾ ವಿಭಾಗದ ಕಡೆ ತಿರುಗುವುದು ಗ್ಯಾರಂಟಿ ಆಗಿತ್ತು. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಪಾಠ ಹೇಳುವವರನ್ನು ಮನೆಗೆ ಕಳಿಸಿ ಗೋಲ್‌ಕೀಪರ್‌ಗೆ ಪ್ಯಾಡ್ ಕೊಡಿಸಿ ಅಂತ ಯಾವ ಬಾಯಲ್ಲಿ ಕೇಳುವುದು?

ಒಂದು ಲೆಕ್ಕ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ. ಹಾಕಿ ತಂಡದ ವರ್ಷದ ಖರ್ಚು ಸುಮಾರು 15 ಲಕ್ಷ ಡಾಲರ್. ಅಲಾಸ್ಕಾದ ಜನಸಂಖ್ಯೆ ಸುಮಾರು 7.3 ಲಕ್ಷ. ತಲೆಗೆ ಎರಡು ಡಾಲರ್ ಚಿಲ್ಲರೆ. 2019ರಲ್ಲಿ ಪ್ರತಿಯೊಬ್ಬರ ಕೈಗೆ ಬಂದ ಡಿವಿಡೆಂಡ್ 1,606 ಡಾಲರ್.

ಮಂಜುಗಡ್ಡೆ ಇಲ್ಲದ ಅರೀನಾ

ಈಗ ನನಗೆ ನಿಜವಾಗಿ ಸಿಟ್ಟು ಬರುವ ಭಾಗ.

ಸೀವುಲ್ವ್ಸ್ ಆಡುತ್ತಿದ್ದದ್ದು ಸಲಿವನ್ ಅರೀನಾದಲ್ಲಿ. 1983ರಲ್ಲಿ ಶುರುವಾದ ಈ ಜಾಗ ನಗರಸಭೆಯದ್ದು. ಹಾಕಿಗೆ 6 ಸಾವಿರಕ್ಕೂ ಜಾಸ್ತಿ ಸೀಟು. ತೊಂಬತ್ತರ ದಶಕದಲ್ಲಿ ಅಲ್ಲಿ ಆಟ ನೋಡುವುದು ಆಂಕರೇಜ್‌ನ ಚಳಿಗಾಲದ ದೊಡ್ಡ ಕಾರ್ಯಕ್ರಮ. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುವ ಡಿಸೆಂಬರ್‌ನಲ್ಲಿ ಜನ ಇನ್ನೆಲ್ಲಿಗೆ ಹೋಗಬೇಕು?

ಕಾಲ ಕಳೆದಂತೆ ಕಟ್ಟಡ ಹಳೆಯದಾಯಿತು, ತಂಡವೂ ಸೊರಗಿತು. 2014ರಲ್ಲಿ ಕ್ಯಾಂಪಸ್‌ನಲ್ಲಿ ಹೊಸ ಅರೀನಾ ಬಂತು. 10 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು, 5 ಸಾವಿರ ಸೀಟು, ಅಲಾಸ್ಕಾ ಏರ್‌ಲೈನ್ಸ್ ಸೆಂಟರ್ ಅಂತ ಹೆಸರು. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಜಿಮ್ನಾಸ್ಟಿಕ್ಸ್ ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಹಾಕಿ ಆಡುವ ಮಂಜಿನ ಅಂಕಣ ಇಲ್ಲ. ಊರಿನಲ್ಲಿ ಅತಿ ಹೆಚ್ಚು ಜನ ಟಿಕೆಟ್ ಕೊಟ್ಟು ನೋಡಿದ ಕಾಲೇಜು ಆಟಕ್ಕೆ ಹೊಸ ಮನೆಯಲ್ಲಿ ಕೋಣೆಯೇ ಸಿಗಲಿಲ್ಲ.

2019-20ರ ಸೀಸನ್‌ಗೆ, ಬಾಡಿಗೆ ಉಳಿಸಲು ತಂಡವನ್ನು ಸಲಿವನ್‌ನಿಂದ ಕ್ಯಾಂಪಸ್‌ನ ಹಳೆಯ ರಿಂಕ್‌ಗೆ ತಂದರು. ಅಭ್ಯಾಸಕ್ಕಿದ್ದ ಜಾಗ ಅದು. ಸಾವಿರ ಜನರೂ ಹಿಡಿಸುವುದಿಲ್ಲ. ನೇರ ಪ್ರಸಾರ ನೋಡುವವರಿಗೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತಿತ್ತು. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಗೋಡೆಗೆ ಬಡಿದರೆ ತಗಡಿಗೆ ಕಲ್ಲು ಹೊಡೆದ ಸದ್ದು. ಬೆಂಚಿನಿಂದ ಕೋಚ್ ಕೂಗಿದ್ದು ಮನೆಯಲ್ಲಿ ಕೂತ ನಮಗೂ ಕೇಳುತ್ತಿತ್ತು. ಒಂಥರಾ ಆಪ್ತವಾಗಿತ್ತು ಅನ್ನಿ, ಸುಳ್ಳು ಯಾಕೆ. ಆದರೆ ಸೀಟೇ ಇಲ್ಲದ ಮೇಲೆ ಟಿಕೆಟ್ ದುಡ್ಡು ಎಲ್ಲಿಂದ ಬರಬೇಕು?

ಆಟವೂ ಚೆನ್ನಾಗಿರಲಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. 2018-19ರಲ್ಲಿ ಗೆದ್ದದ್ದು ಬರೀ 3 ಪಂದ್ಯ, ಸೋತದ್ದು 28. ಮರುವರ್ಷ ಗೆಲುವು 4. ಇಂಥ ತಂಡ ನೋಡಲು ಮೈನಸ್ ಹದಿನೈದು ಡಿಗ್ರಿ ಚಳಿಯಲ್ಲಿ ಕಾರು ಸ್ಟಾರ್ಟ್ ಮಾಡುವವರು ನನ್ನಂಥ ಹುಚ್ಚರು ಮಾತ್ರ. ಆದರೆ ಸೋಲು ಮೊದಲೋ ಕಡಿತ ಮೊದಲೋ ಅಂತ ಕೇಳಬೇಕಾಗುತ್ತದೆ. ವರ್ಷ ವರ್ಷ ಹಣ ಕಮ್ಮಿ ಮಾಡಿ, ದೊಡ್ಡ ಅಂಗಳದಿಂದ ಎಬ್ಬಿಸಿ, ಈ ತಂಡ ಇರುತ್ತದೋ ಇಲ್ಲವೋ ಅಂತ ಪ್ರತಿ ಬಜೆಟ್‌ನಲ್ಲೂ ಚರ್ಚೆ ನಡೆಸಿದರೆ ಹದಿನೆಂಟರ ಯಾವ ಒಳ್ಳೆ ಆಟಗಾರ ಬಂದು ಸೇರುತ್ತಾನೆ? ಮೇವು ಹಾಕದೆ ಬಿಟ್ಟು, ಹಾಲು ಕೊಡಲ್ಲ ಅಂತ ಹಸುವನ್ನು ಸಂತೆಗೆ ಹೊಡೆದ ಹಾಗಾಯಿತು.

ಏಳು ಕಾಲೇಜುಗಳು ಎದ್ದು ಹೋದವು

ವೀಟೊ ಬಿದ್ದ ಅದೇ ಜೂನ್‌ನಲ್ಲಿ ಇನ್ನೊಂದು ಏಟು ಬಿತ್ತು. ಸೀವುಲ್ವ್ಸ್ 1993ರಿಂದ ಡಬ್ಲ್ಯೂಸಿಎಚ್‌ಎ ಲೀಗ್‌ನಲ್ಲಿತ್ತು. ಹತ್ತು ತಂಡಗಳ ಲೀಗ್. ಅದರಲ್ಲಿ ಏಳು ಒಟ್ಟಿಗೆ ಕೂತು, ಹೊಸ ಲೀಗ್ ಮಾಡಿಕೊಂಡು 2021ರಿಂದ ಬೇರೆ ಹೋಗುತ್ತೇವೆ ಅಂದವು. ಮಿನೆಸೋಟಾ ಸ್ಟೇಟ್, ಮಿಶಿಗನ್ ಟೆಕ್, ಬೌಲಿಂಗ್ ಗ್ರೀನ್ ಮೊದಲಾದವು. ಉಳಿದದ್ದು ಮೂರು: ಆಂಕರೇಜ್, ಫೇರ್‌ಬ್ಯಾಂಕ್ಸ್, ಮತ್ತೆ ದಕ್ಷಿಣದ ತುದಿಯ ಅಲಬಾಮಾ ಹಂಟ್ಸ್‌ವಿಲ್. ನಕ್ಷೆ ನೋಡಿದರೆ ಕಾರಣ ಹೇಳಿಕೊಡಬೇಕಾಗಿಲ್ಲ. ಹೋಗಿಬರಲು ದೂರವಾದ ಮೂರನ್ನೇ ಬಿಟ್ಟು ಹೋದರು.

ಹೋದವರನ್ನು ಬೈಯುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿ. ಒಂದು ಹಾಕಿ ತಂಡ ಹೊರಟರೆ ಇಪ್ಪತ್ತೈದು ಮೂವತ್ತು ಜನ, ಪ್ರತಿಯೊಬ್ಬನ ಹೆಗಲಲ್ಲೂ ಹೆಣದಷ್ಟು ಭಾರದ ಚೀಲ, ಕಟ್ಟುಕಟ್ಟು ಸ್ಟಿಕ್‌ಗಳು. ಆಂಕರೇಜ್‌ನಿಂದ ಅತಿ ಹತ್ತಿರದ ದೊಡ್ಡ ಅಮೆರಿಕನ್ ನಗರ ಸಿಯಾಟಲ್. ಅದಕ್ಕೇ ವಿಮಾನದಲ್ಲಿ ಮೂರೂವರೆ ಗಂಟೆ, ಅಲ್ಲಿಂದ ಮಿಶಿಗನ್ ಇನ್ನೂ ದೂರ. ಬಸ್‌ನಲ್ಲಿ ಹೋಗಿ ಆಡಿ ರಾತ್ರಿಯೇ ವಾಪಸ್ ಬರುವ ಕಾಲೇಜುಗಳಿಗೆ ಇದು ಭಾರವೇ. ಅದಕ್ಕೇ ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎಯ ನಿಯಮದಲ್ಲಿ ಒಂದು ಸಣ್ಣ ಸಕ್ಕರೆ ಇದೆ. ಅಲಾಸ್ಕಾಕ್ಕೆ ಹೋಗಿ ಆಡಿದ ಪಂದ್ಯ ವರ್ಷದ ಪಂದ್ಯಗಳ ಮಿತಿಗೆ ಲೆಕ್ಕವಿಲ್ಲ. ಎರಡು ಪಂದ್ಯ ಜಾಸ್ತಿ ಸಿಗುತ್ತದೆ ಅಂತಲಾದರೂ ಬರಲಿ ಅನ್ನುವ ಆಸೆ.

ಮುಚ್ಚುವ ಮಾತು

2020ರ ಮಾರ್ಚ್‌ನಲ್ಲಿ ಕೊರೊನಾ ಬಂತು. ಸಲಿವನ್ ಅರೀನಾದಲ್ಲಿ ಮನೆಯಿಲ್ಲದವರಿಗೆ ಮಂಚಗಳನ್ನು ಹಾಕಿದರು. ಅದು ಆಗಬೇಕಾದ ಕೆಲಸವೇ ಆಗಿತ್ತು. ಆಗಸ್ಟ್‌ನಲ್ಲಿ ಆಂಕರೇಜ್ ಕ್ಯಾಂಪಸ್‌ನ ಮುಖ್ಯಸ್ಥೆ, ಚಾನ್ಸಲರ್ ಕ್ಯಾಥಿ ಸ್ಯಾಂಡೀನ್ ಹಾಕಿ, ಜಿಮ್ನಾಸ್ಟಿಕ್ಸ್, ಸ್ಕೀಯಿಂಗ್ ತಂಡಗಳನ್ನು ಕೈಬಿಡುವ ಪ್ರಸ್ತಾಪ ಮುಂದಿಟ್ಟರು. ಒಟ್ಟು ಉಳಿತಾಯ ವರ್ಷಕ್ಕೆ ಸುಮಾರು 25 ಲಕ್ಷ ಡಾಲರ್, ಅದರಲ್ಲಿ ದೊಡ್ಡ ಪಾಲು ಹಾಕಿಯದ್ದು.

ಕತ್ತರಿ ಯಾಕೆ ಈ ತಂಡಗಳ ಮೇಲೇ ಬಿತ್ತು? ಆಂಕರೇಜ್‌ನ ಬಹುತೇಕ ತಂಡಗಳು ಎನ್‌ಸಿಎಎಯ ಎರಡನೇ ದರ್ಜೆಯಲ್ಲಿ ಆಡುತ್ತವೆ. ಆ ದರ್ಜೆಯಲ್ಲಿ ಉಳಿಯಲು ಕನಿಷ್ಠ 10 ತಂಡ ಇರಬೇಕು. ಅಂದರೆ ಬೇಕಾದಷ್ಟು ಕತ್ತರಿಸುವ ಹಾಗಿಲ್ಲ, ಕೆಲವನ್ನು ಮಾತ್ರ ಬಿಡಬಹುದು. ಹಾಕಿ ಆಡುವುದು ಮೊದಲ ದರ್ಜೆಯಲ್ಲಿ, ಹಾಗಾಗಿ ಖರ್ಚೂ ಮೊದಲ ದರ್ಜೆಯದ್ದು. ಲೀಗ್ ಕೂಡ ಒಡೆದಿತ್ತು. ಅಕೌಂಟೆಂಟ್ ಕಣ್ಣಿಗೆ ಮೊದಲು ಬೀಳುವ ಸಾಲು ಅದೇ.

ಸೆಪ್ಟೆಂಬರ್‌ನಲ್ಲಿ ಆಡಳಿತ ಮಂಡಳಿ ಪ್ರಸ್ತಾಪ ಒಪ್ಪಿತು, ಜೊತೆಗೊಂದು ಷರತ್ತು ಹಾಕಿತು. ಎರಡು ವರ್ಷದ ಖರ್ಚನ್ನು ಹೊರಗಿನಿಂದ ಕೂಡಿಸಿದರೆ ಆ ತಂಡ ಉಳಿಯುತ್ತದೆ. ಹಾಕಿಗೆ 30 ಲಕ್ಷ ಡಾಲರ್. ಜಿಮ್ನಾಸ್ಟಿಕ್ಸ್‌ಗೆ ಸುಮಾರು 8.8 ಲಕ್ಷ. ಸ್ಕೀಯಿಂಗ್‌ಗೆ 6 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಮೊದಲು ಕೊಟ್ಟ ಗಡುವು ಫೆಬ್ರವರಿ. ಕೊರೊನಾ ಹಾವಳಿಯ ನಡುವೆ, ಜನ ಕೆಲಸ ಕಳೆದುಕೊಂಡು ಕೂತಿರುವಾಗ, ಆರು ತಿಂಗಳಿಗೂ ಕಮ್ಮಿ ಸಮಯದಲ್ಲಿ 30 ಲಕ್ಷ ಡಾಲರ್! ಬಾಗಿಲು ತೆರೆದೇ ಇದೆ ಅಂತ ಹೇಳಿ ಹೊಸ್ತಿಲನ್ನು ತಲೆಯೆತ್ತರಕ್ಕೆ ಇಟ್ಟಿದ್ದರು. ಆಗುವುದಿಲ್ಲ ಅಂತಲೇ ಹೆಚ್ಚಿನವರು ಅಂದುಕೊಂಡರು.

ತಮಾಷೆ ಅಂದರೆ ಆಗ ಇಡೀ ವಿಶ್ವವಿದ್ಯಾಲಯದ ಹಂಗಾಮಿ ಅಧ್ಯಕ್ಷೆ ಪ್ಯಾಟ್ ಪಿಟ್ನಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಚಿನ್ನ ಗೆದ್ದವರು. ಕಾಲೇಜು ತಂಡದಲ್ಲಿ ಆಡಿದರೆ ಬದುಕಿಗೆ ಏನು ಸಿಗುತ್ತದೆ ಅಂತ ಅವರಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ. ಆದರೂ ಲೆಕ್ಕದ ಪುಸ್ತಕ ಅವರ ಕೈಯನ್ನೂ ಕಟ್ಟಿತ್ತು. ಆಡಳಿತಗಾರರೆಲ್ಲ ಆಟದ ವೈರಿಗಳು ಅಂತ ಬೈಯುವ ಅಭಿಮಾನಿಗಳಿಗೆ ನಾನು ಈ ಉದಾಹರಣೆ ಕೊಡುತ್ತಿರುತ್ತೇನೆ.

ಹಣ ಕೂಡಿಸಿದ ವರ್ಷ

ಸೇವ್ ಸೀವುಲ್ಫ್ ಹಾಕಿ ಅಂತ ಒಂದು ಗುಂಪು ಹುಟ್ಟಿಕೊಂಡಿತು. ಹಳೆಯ ಆಟಗಾರರು, ಅವರ ಅಪ್ಪ ಅಮ್ಮಂದಿರು, ಸೀಸನ್ ಟಿಕೆಟ್ ಇಟ್ಟುಕೊಂಡಿದ್ದ ಮುದುಕರು, ಊರಿನ ವ್ಯಾಪಾರಿಗಳು. ದೊಡ್ಡ ದಾನಿ ಒಬ್ಬರು ಬಂದು ಚೆಕ್ ಬರೆದು ಹೋದರು ಅನ್ನುವ ಕತೆ ಇದಲ್ಲ. ಅಂಥದ್ದು ಬೇರೆ ಕಡೆ ಆಗುತ್ತದೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಟೆರಿ ಪೆಗುಲಾ 8.8 ಕೋಟಿ ಡಾಲರ್ ಕೊಟ್ಟು ಹಾಕಿಯನ್ನು ಮೊದಲ ದರ್ಜೆಗೆ ಏರಿಸಿದರು. ಅನಿಲ ಉದ್ಯಮದ ದುಡ್ಡು ಅದು. ಆಂಕರೇಜ್‌ಗೆ ಅಂಥ ಪೆಗುಲಾ ಸಿಗಲಿಲ್ಲ. ನೂರು, ಐನೂರು, ಸಾವಿರ, ಅಲ್ಲೊಂದು ಇಲ್ಲೊಂದು ದೊಡ್ಡ ಮೊತ್ತ, ಹೀಗೆ ಹನಿಹನಿಯಾಗಿ ಕೂಡಬೇಕಾಯಿತು.

ಈ ನಡುವೆ 2020-21ರ ಸೀಸನ್ ಕೊರೊನಾದಿಂದ ಪೂರ್ತಿ ರದ್ದಾಯಿತು. ಕೊನೆಯ ಸೀಸನ್ ಅಂತ ಹೇಳಿದ್ದನ್ನೂ ಆಡಲಿಲ್ಲ. ಇದು ಹುಡುಗರಿಗೆ ಆದ ದೊಡ್ಡ ಅನ್ಯಾಯ ಅಂತ ನನ್ನ ಅನಿಸಿಕೆ. ವಿದಾಯದ ಪಂದ್ಯವೂ ಇಲ್ಲ, ಕೊನೆಗೊಂದು ಚಪ್ಪಾಳೆಯೂ ಇಲ್ಲ. ಆಟಗಾರರು ಒಬ್ಬೊಬ್ಬರಾಗಿ ಬೇರೆ ಕಾಲೇಜು ಹುಡುಕಿಕೊಂಡರು. ಕೋಚ್ ಮ್ಯಾಟ್ ಕರ್ಲಿಯೂ ಬೇರೆ ಕೆಲಸಕ್ಕೆ ಹೋದರು. ತಂಡವೇ ಇಲ್ಲದ ತಂಡಕ್ಕೆ ದುಡ್ಡು ಕೇಳುವ ಪರಿಸ್ಥಿತಿ ಬಂತು. ಯಾರ ಫೋಟೊ ತೋರಿಸಿ ಕೇಳುವುದು?

ಗಡುವನ್ನು 2021ರ ಆಗಸ್ಟ್ ಕೊನೆಗೆ ಮುಂದೂಡಿದರು. ಅಷ್ಟರಲ್ಲಿ ಮೇಲಿನವರೂ ಬದಲಾಗಿದ್ದರು. ಸ್ಯಾಂಡೀನ್ ಕ್ಯಾಲಿಫೋರ್ನಿಯಾದ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋದರು. ರಾಜ್ಯದ ಮಾಜಿ ಗವರ್ನರ್ ಶಾನ್ ಪಾರ್ನೆಲ್ ಹೊಸ ಚಾನ್ಸಲರ್ ಆಗಿ ಬಂದರು. ರಾಜಕಾರಣಿಗೆ ಊರಿನ ನಾಡಿ ಗೊತ್ತಿರುತ್ತದೆ. ಇನ್ನೊಂದು ಕೈ ಸಿಯಾಟಲ್‌ನಿಂದ ಬಂತು. ಎನ್‌ಎಚ್‌ಎಲ್‌ನ ಹೊಸ ತಂಡ ಕ್ರಾಕೆನ್, ಇನ್ನೂ ತನ್ನ ಮೊದಲ ಪಂದ್ಯವನ್ನೂ ಆಡಿರಲಿಲ್ಲ, ಅಲಾಸ್ಕಾದ ಈ ಅಭಿಯಾನಕ್ಕೆ ಹೆಗಲು ಕೊಟ್ಟಿತು. ಅದರಲ್ಲಿ ವ್ಯಾಪಾರವೂ ಇದೆ ಬಿಡಿ. ಅಲಾಸ್ಕಾಕ್ಕೆ ಹತ್ತಿರದ ಎನ್‌ಎಚ್‌ಎಲ್ ಊರುಗಳಲ್ಲಿ ಸಿಯಾಟಲ್ ಒಂದು, ಅಲ್ಲಿನ ಹಾಕಿಪ್ರಿಯರು ಕ್ರಾಕೆನ್‌ಗೆ ನಾಳಿನ ಗಿರಾಕಿಗಳು. ಆದರೂ ಬೇಕಾದಾಗ ಬಂದರು.

ಜಿಮ್ನಾಸ್ಟಿಕ್ಸ್, ಸ್ಕೀ ತಂಡಗಳೂ ಗುರಿ ಮುಟ್ಟಿದವು. ಹಾಕಿಯದ್ದು ಕೊನೆಗೆ, ಗಡುವಿನ ಅಂಚಿನಲ್ಲಿ. ಆಗಸ್ಟ್ ಮುಗಿಯುವಾಗ 30 ಲಕ್ಷ ದಾಟಿದೆ, ತಂಡ 2022-23ರಲ್ಲಿ ಮರಳುತ್ತದೆ ಅಂತ ಪಾರ್ನೆಲ್ ಘೋಷಿಸಿದರು. ಆ ದಿನ ಬೆಂಗಳೂರಿನಲ್ಲಿ ಒಬ್ಬ ಮನುಷ್ಯ ಆಫೀಸ್ ಮೀಟಿಂಗ್ ನಡುವೆ ಮೈಕ್ ಮ್ಯೂಟ್ ಮಾಡಿ ಕಿರುಚಿದ ಅಂತ ಕೇಳಿದ್ದೇನೆ!

ಇನ್ನಿಬ್ಬರ ಕತೆ

ಇದೇ ಹೊತ್ತಿನಲ್ಲಿ ಇನ್ನೆರಡು ಹಾಕಿ ಕಾಲೇಜುಗಳಿಗೂ ಇದೇ ಗತಿ ಬಂತು. ಪಕ್ಕದಲ್ಲಿಟ್ಟು ನೋಡಿದರೆ ಆಂಕರೇಜ್ ಪ್ರಕರಣ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಅಲಬಾಮಾ ಹಂಟ್ಸ್‌ವಿಲ್ 2020ರ ಮೇ ತಿಂಗಳಲ್ಲಿ ತಂಡ ಮುಚ್ಚುತ್ತೇವೆ ಅಂದಿತು. ಅಭಿಮಾನಿಗಳು, ಹಳೆಯ ವಿದ್ಯಾರ್ಥಿಗಳು ಸೇರಿ ಒಂದೇ ವಾರದಲ್ಲಿ ಏಳೂವರೆ ಲಕ್ಷ ಡಾಲರ್ ಕೂಡಿಸಿದರು. ತಂಡ ಉಳಿಯಿತು. ಎಲ್ಲರೂ ಕುಣಿದರು. ಒಂದು ವರ್ಷ ಆಡಿದರು. ಆದರೆ ಸೇರಿಸಿಕೊಳ್ಳುವ ಲೀಗ್ ಸಿಗಲಿಲ್ಲ. 2021ರ ಮೇ ತಿಂಗಳಲ್ಲಿ ತಂಡವನ್ನು ಮತ್ತೆ ನಿಲ್ಲಿಸಿದರು. ವಾರದಲ್ಲಿ ಕೂಡಿಸಿದ ದುಡ್ಡಿಗೆ ಸಿಕ್ಕಿದ್ದು ಒಂದು ವರ್ಷ.

ಪಿಟ್ಸ್‌ಬರ್ಗ್ ಹತ್ತಿರದ ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯದ್ದು ಇನ್ನೂ ವಿಚಿತ್ರ. 2021ರ ಏಪ್ರಿಲ್‌ನಲ್ಲಿ ಕಾಲೇಜು ಹಾಕಿಯ ರಾಷ್ಟ್ರೀಯ ಫೈನಲ್ಸ್ ಪಿಟ್ಸ್‌ಬರ್ಗ್‌ನಲ್ಲಿ ನಡೆದಾಗ ಆತಿಥ್ಯ ವಹಿಸಿದ್ದು ಇದೇ ಕಾಲೇಜು. ಮೇ ತಿಂಗಳಲ್ಲಿ ಪುರುಷರ ತಂಡ, ಮಹಿಳೆಯರ ತಂಡ ಎರಡಕ್ಕೂ ಬೀಗ! ಮಹಿಳೆಯರ ತಂಡವಂತೂ ಚೆನ್ನಾಗಿ ಆಡುತ್ತಿತ್ತು. ಅಲ್ಲೂ ಜನ ಹಣ ಕೂಡಿಸಿದರು. ಎರಡು ಸೀಸನ್ ಬಿಟ್ಟು 2023ರಲ್ಲಿ ಎರಡೂ ತಂಡ ಮರಳಿದವು. ಅವರಿಗೆ ಅನುಕೂಲ ಒಂದಿತ್ತು. ಹಳೆಯ ಲೀಗ್ ಅಲ್ಲೇ ಇತ್ತು, ಬಸ್ ದೂರದಲ್ಲೇ ಎದುರಾಳಿಗಳಿದ್ದರು.

ಮೂರನ್ನೂ ನೋಡಿ ನಾನು ಕಲಿತದ್ದು ಇಷ್ಟು. ದುಡ್ಡು ಕೂಡಿಸಿದರೆ ಸಮಯ ಸಿಗುತ್ತದೆ. ತಂಡ ಉಳಿಯುವುದು ಆ ಸಮಯದಲ್ಲಿ ಲೀಗ್, ರಿಂಕ್, ವರ್ಷಾವರ್ಷ ಬರುವ ಆದಾಯ ಇವು ಕೂಡಿಬಂದರೆ ಮಾತ್ರ.

ಸೊನ್ನೆಯಿಂದ ತಂಡ

ಮರಳಿದ ತಂಡಕ್ಕೆ ಕೋಚ್ ಆಗಿ ಬಂದವರು ಮ್ಯಾಟ್ ಶ್ಯಾಸ್ಬಿ. ಹಳೆಯ ಸೀವುಲ್ಫ್, ಡಿಫೆನ್ಸ್ ಆಟಗಾರ. ಆಂಕರೇಜ್‌ನ ವೃತ್ತಿಪರ ತಂಡವಾಗಿದ್ದ ಅಲಾಸ್ಕಾ ಏಸಸ್‌ನಲ್ಲೂ ಆಡಿದವರು. ಆ ಏಸಸ್ ಕೂಡ 2017ರಲ್ಲಿ ಊರು ಬಿಟ್ಟು ಹೋಗಿತ್ತು. ಸೀವುಲ್ವ್ಸ್ ಕೂಡ ಹೋಗಿದ್ದರೆ ಊರಿಗೆ ಏನು ನಷ್ಟವಾಗುತ್ತಿತ್ತು ಅಂತ ಆಂಕರೇಜ್‌ನವರಿಗೆ ಆಗಲೇ ರುಚಿ ಸಿಕ್ಕಿತ್ತು.

ಶ್ಯಾಸ್ಬಿ ಕೈಗೆ ಸಿಕ್ಕಿದ್ದು ಒಂದು ಹೆಸರು, ಒಂದು ಸಣ್ಣ ರಿಂಕ್, ಖಾಲಿ ಪಟ್ಟಿ. ಎರಡು ಸೀಸನ್‌ನಿಂದ ಯಾರೂ ಆಡಿಲ್ಲ. ನಾಲ್ಕನೇ ವರ್ಷದ ವಿದ್ಯಾರ್ಥಿಗಳು, ಮೂರನೇ ವರ್ಷದವರು ಅಂತ ಸಾಲಾಗಿ ಬರುವ ಕಾಲೇಜು ತಂಡದಲ್ಲಿ ಹಳಬರು ಹೊಸಬರಿಗೆ ಎಲ್ಲ ಕಲಿಸುತ್ತಾರೆ. ಬಸ್‌ನಲ್ಲಿ ಎಲ್ಲಿ ಕೂರಬೇಕು ಅನ್ನುವುದರಿಂದ ಹಿಡಿದು ಫೇರ್‌ಬ್ಯಾಂಕ್ಸ್ ಮೇಲೆ ಹೇಗೆ ಸಿಟ್ಟಾಗಬೇಕು ಅನ್ನುವ ತನಕ. ಇಲ್ಲಿ ಹಳಬರೇ ಇಲ್ಲ. ಬೇರೆ ಕಾಲೇಜು ಬಿಟ್ಟು ಬರುವವರು, ಜೂನಿಯರ್ ಲೀಗ್‌ನ ಹುಡುಗರು, ಅಲಾಸ್ಕಾದಲ್ಲೇ ಬೆಳೆದವರು, ಹೀಗೆ ಸಿಕ್ಕಸಿಕ್ಕವರನ್ನು ಸೇರಿಸಿ ಕಟ್ಟಿದರು.

ಮೊದಲ ಸೀಸನ್‌ನಲ್ಲಿ 8 ಗೆಲುವು. ಬೇರೆಯವರು ಇದನ್ನು ಕಳಪೆ ಅನ್ನಬಹುದು. ಮುಚ್ಚುವ ಮುಂಚಿನ ಎರಡು ಸೀಸನ್‌ನ ಗೆಲುವು ಸೇರಿಸಿದರೂ 7. ನನಗೆ ಆ ಲೆಕ್ಕ ಸಾಕು.

ಅಭಿಮಾನಿಯ ತಕರಾರು

ಇಷ್ಟೆಲ್ಲ ಆದ ಮೇಲೂ ನನಗೆ ಸಮಾಧಾನ ಇಲ್ಲದ ವಿಷಯಗಳಿವೆ.

ಒಂದು, ಈ ಷರತ್ತೇ ಸರಿಯಲ್ಲ. ವಿಶ್ವವಿದ್ಯಾಲಯ ಸರ್ಕಾರದ್ದು. ಅದರ ತಂಡ ಬೇಕೋ ಬೇಡವೋ ಅನ್ನುವುದು ಆಡಳಿತದವರು ಕೂತು ತೀರ್ಮಾನ ಮಾಡಬೇಕಾದ ವಿಷಯ. ಅದನ್ನು ಅಭಿಮಾನಿಗಳ ಜೇಬಿಗೆ ಬಿಟ್ಟರೆ, ಜನಪ್ರಿಯ ಆಟ ಉಳಿಯುತ್ತದೆ, ಹಿಂದೆ ಯಾರೂ ಇಲ್ಲದ ಆಟ ಸಾಯುತ್ತದೆ. ಮುಚ್ಚಿದ ಕೋರ್ಸ್‌ಗಳಿಗೆ ಯಾರೂ ಇಂಥ ಅವಕಾಶ ಕೊಡಲಿಲ್ಲ. ಕೊಟ್ಟಿದ್ದರೂ ಸೀಸನ್ ಟಿಕೆಟ್ ಇಟ್ಟುಕೊಂಡ ಸಮಾಜಶಾಸ್ತ್ರದ ಅಭಿಮಾನಿಗಳನ್ನು ಎಲ್ಲಿ ಹುಡುಕುವುದು? ನಮ್ಮ ತಂಡ ಗೆದ್ದ ಖುಷಿಯಲ್ಲಿ ಇದನ್ನು ಮರೆಯುವುದು ಬೇಡ.

ಇನ್ನೊಂದು, 30 ಲಕ್ಷ ಅಂದರೆ ಎರಡು ವರ್ಷದ ಖರ್ಚು ಮಾತ್ರ. ಇಟ್ಟ ಗಂಟಿನ ಬಡ್ಡಿಯಲ್ಲಿ ತಂಡ ನಡೆಸುವ ಶಾಶ್ವತ ನಿಧಿ ಅಲ್ಲ ಅದು. ಬಡ್ಡಿಯಲ್ಲೇ ವರ್ಷಕ್ಕೆ 15 ಲಕ್ಷ ಬರಬೇಕಾದರೆ, ನೂರಕ್ಕೆ ನಾಲ್ಕರ ಹಾಗೆ ಹಿಡಿದರೂ, ಗಂಟು ಮೂರೂಮುಕ್ಕಾಲು ಕೋಟಿ ಡಾಲರ್ ಇರಬೇಕು. ಆಂಕರೇಜ್‌ನಂಥ ಮೂರು ಲಕ್ಷ ಜನರ ಊರು ಅಷ್ಟು ಎತ್ತಲು ಆಗುವುದಿಲ್ಲ. ಅಂದರೆ ವರ್ಷ ವರ್ಷ ಅದೇ ಮುಖಗಳು ಅದೇ ಮನೆಗಳ ಬಾಗಿಲು ತಟ್ಟುತ್ತಿರಬೇಕು. ಅಭಿಮಾನಕ್ಕೂ ಸುಸ್ತಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಲೀಗ್ ಇಲ್ಲದ ಕಷ್ಟ. ಆಂಕರೇಜ್, ಫೇರ್‌ಬ್ಯಾಂಕ್ಸ್ ಎರಡೂ 2021ರ ನಂತರ ಯಾವ ಲೀಗ್‌ಗೂ ಸೇರದೆ ಸ್ವತಂತ್ರ ತಂಡಗಳಾಗಿ ಆಡುತ್ತಿವೆ. ಲೀಗ್ ಗೆದ್ದು ನೇರವಾಗಿ ರಾಷ್ಟ್ರೀಯ ಟೂರ್ನಿಗೆ ಹೋಗುವ ದಾರಿ ಅವರಿಗಿಲ್ಲ. 2022-23ರಲ್ಲಿ ಫೇರ್‌ಬ್ಯಾಂಕ್ಸ್ 22 ಪಂದ್ಯ ಗೆದ್ದು ಬರೀ 10 ಸೋತಿತ್ತು. ಆದರೂ 16 ತಂಡಗಳ ಟೂರ್ನಿಗೆ ಕೂದಲೆಳೆಯಲ್ಲಿ ತಪ್ಪಿತು. ವೈರಿ ತಂಡವಾದರೂ ಅವತ್ತು ನನಗೆ ಹೊಟ್ಟೆ ಉರಿಯಿತು.

ಹೋಲಿಸಿ ನೋಡಿ, ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ್ದೂ ಸ್ವತಂತ್ರ ತಂಡವೇ ಆಗಿತ್ತು. ಮರುಭೂಮಿಯ ಊರು. 2014ರಲ್ಲಿ ದಾನಿಗಳು 3.2 ಕೋಟಿ ಡಾಲರ್ ಕೊಟ್ಟು ಮೊದಲ ದರ್ಜೆಯ ತಂಡ ಶುರು ಮಾಡಿಸಿದರು, ಆಮೇಲೆ ಹೊಸ ಅರೀನಾ ಬಂತು. 2024ರಲ್ಲಿ ಎನ್‌ಸಿಎಚ್‌ಸಿ ಎಂಬ ಬಲವಾದ ಲೀಗ್ ಅವರನ್ನು ಸೇರಿಸಿಕೊಂಡಿತು. ಮಂಜೇ ಬೀಳದ ಊರಿಗೆ ಲೀಗ್ ಸಿಕ್ಕಿತು, ಮಂಜಿನಲ್ಲೇ ಬದುಕುವ ಊರಿಗೆ ಸಿಗಲಿಲ್ಲ. ಅವರ ಪಕ್ಕದ ದೊಡ್ಡ ನಗರ ಫೀನಿಕ್ಸ್‌ಗೆ ಎಲ್ಲ ಕಡೆಯಿಂದ ಸೋವಿ ವಿಮಾನ ಇದೆ, ಹೊಸ ಅರೀನಾ ಇದೆ. ಆಂಕರೇಜ್‌ಗೆ ಯಾವ ಲೀಗ್ ಬಂದು ಬಾಗಿಲು ತಟ್ಟಿದರೂ ಅವರು ಕೇಳುವ ಮೊದಲ ಎರಡು ಪ್ರಶ್ನೆಗಳು ಪ್ರಯಾಣದ ಖರ್ಚು ಯಾರದ್ದು, ಎಷ್ಟು ಸೀಟಿನ ರಿಂಕ್ ಇದೆ ಅಂತ. ಎರಡನೆಯದಕ್ಕೆ 2014ರಲ್ಲೇ ಉತ್ತರ ಕೊಡಬಹುದಿತ್ತು. ಹೊಸ ಅರೀನಾದ ನಕ್ಷೆಯಲ್ಲಿ ಮಂಜಿನ ಅಂಕಣವೊಂದನ್ನು ಹಾಕಿದ್ದರೆ.